ಕತೆಗೂ ಕತ್ತೆಗೂ ನಡುವೆ

ರೆಕಾರ್ಡ್ ಮಾಡಿದ ಮಾತನ್ನೇ ಕತ್ತರಿಸಿ ಜೋಡಿಸಿ, ಕಿವಿಯಲ್ಲಿ ಕೇಳುವ ಕವಿತೆಯೊಂದನ್ನು ಕಟ್ಟಲು ಹೊರಟಿದ್ದೆ. ಮೊದಲ ಮೂರು ತಿಂಗಳು ಮಾಡಿದ್ದೆಲ್ಲ ದಂಡ. ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು ನನ್ನದೇ ಕವಿತೆ ಓದುವುದು, ಆಮೇಲೆ ಅದನ್ನು ಕತ್ತರಿಸಿ ಹಿಂದುಮುಂದು ಮಾಡುವುದು. ಎಷ್ಟು ಚೂರು ಮಾಡಿದರೂ ಕವಿಗೋಷ್ಠಿಯ ಧಾಟಿ ಬಿಡಲಿಲ್ಲ.

ಕೊನೆಗೆ ಕೈಹಿಡಿದದ್ದು ದೊಡ್ಡಮ್ಮನ ಮಾತು. ಹಳೆಯ ಜಗಳವೊಂದರ ಬಗ್ಗೆ ಕೇಳಿದ್ದಕ್ಕೆ, 'ಅದೊಂದು ದೊಡ್ಡ ಕತೆ, ಬಿಡು' ಅಂದಿದ್ದರು. ರೆಕಾರ್ಡಿಂಗ್ ನಡೆಯುತ್ತಿದೆಯೆಂದು ಅವರಿಗೆ ಗೊತ್ತಿತ್ತು, ಮರೆತಿದ್ದರು ಅಷ್ಟೆ. ಬಳಸುವ ಮೊದಲು ಇನ್ನೊಮ್ಮೆ ಕೇಳಿ ಒಪ್ಪಿಸಿಕೊಂಡೆ.

1.8 ಸೆಕೆಂಡಿನ ಆ ತುಣುಕನ್ನು ಲೂಪ್ ಮಾಡಿದೆ, ಅಂದರೆ ಮುಗಿದ ಕೂಡಲೇ ಮತ್ತೆ ಮೊದಲಾಗುವಂತೆ ಸುತ್ತಿಸಿದೆ. ಹತ್ತಿಪ್ಪತ್ತು ಸುತ್ತಿಗೆ ಅರ್ಥ ಕರಗಿ ರಾಗ ಮೇಲೇಳುತ್ತದೆ. ನಂತರ ಪಕ್ಕದಲ್ಲಿ 1.82 ಸೆಕೆಂಡಿನ ಇನ್ನೊಂದು ಪ್ರತಿ ಇಟ್ಟೆ. ಎರಡೂ ಮೆಲ್ಲಗೆ ಜಾರುತ್ತಾ ಹೋಗಿ, ಮೊದಲನೆಯದು 91 ಸುತ್ತು ಮುಗಿಸುವಾಗ ಮತ್ತೆ ಕೂಡಿಕೊಳ್ಳುತ್ತವೆ. ಅಮೆರಿಕದ ಸಂಗೀತ ಸಂಯೋಜಕ ಸ್ಟೀವ್ ರೈಶ್ 1965ರಲ್ಲೇ ಬೀದಿ ಬೋಧಕನೊಬ್ಬನ ದನಿಯ ಟೇಪುಗಳನ್ನು ಹೀಗೆ ಜಾರಿಸಿದ್ದರು. ಕೇಳಲು ಚೆನ್ನಾಗಿತ್ತು, ಆದರೆ ಎರವಲು ಅಂಗಿ.

ಒಂದು ರಾತ್ರಿ ಪರದೆಯ ಮೇಲೆ ದನಿಯ ತರಂಗದ ಚಿತ್ರವನ್ನು ಹಿಗ್ಗಿಸಿ ನೋಡುತ್ತಿದ್ದಾಗ 'ಕ'ಕ್ಕೂ 'ತೆ'ಗೂ ನಡುವೆ ಚಪ್ಪಟೆ ಗೆರೆ ಕಂಡಿತು. ನಾಲಗೆ ಹಲ್ಲಿಗೆ ಅಂಟಿ ಉಸಿರು ತಡೆದ ಗಳಿಗೆ, ಸುಮಾರು 80 ಮಿಲಿಸೆಕೆಂಡ್. ಸುಮ್ಮನೆ ಅದನ್ನು 180ಕ್ಕೆ ಎಳೆದೆ. ದೊಡ್ಡಮ್ಮ ಸ್ಪಷ್ಟವಾಗಿ ಹೇಳಿದರು: 'ಅದೊಂದು ದೊಡ್ಡ ಕತ್ತೆ, ಬಿಡು.'

ಶಾಲೆಯಲ್ಲಿ ಒತ್ತಕ್ಷರವೆಂದರೆ ಕೆಳಗೆ ತೂಗುವ ಅಕ್ಷರ ಅಂದುಕೊಂಡಿದ್ದೆ. 'ಕತ್ತೆ'ಯಂಥ ಮಾತಿನಲ್ಲಿ ಕಿವಿಗೆ ಅದು ಹೆಚ್ಚಾಗಿ ಮೌನ. 'ಮ್ಮ', 'ಲ್ಲ'ಗಳಲ್ಲಿ ದನಿ ಹರಿಯುತ್ತಲೇ ಇರುವುದರಿಂದ ಅಲ್ಲಿ ಈ ಆಟ ನಡೆಯದು. 'ತ', 'ಪ', 'ಕ'ಗಳಲ್ಲಿ ನಡೆಯುತ್ತದೆ.

ಎಡವಿದ್ದೂ ಅಲ್ಲೇ. ತುಂಬಿದ್ದು ಶುದ್ಧ ಮೌನವಾದ್ದರಿಂದ ಮಾತಿಗೆ ತೂತು ಬಿದ್ದಂತೆ ಕೇಳುತ್ತಿತ್ತು. ಅದೇ ಕೋಣೆಯಲ್ಲಿ ಯಾರೂ ಮಾತಾಡದ ಅರ್ಧ ನಿಮಿಷವನ್ನು ರೆಕಾರ್ಡ್ ಮಾಡಿ, ಅದರ ಚೂರುಗಳನ್ನು ಒಳಗಿಟ್ಟೆ. ತುದಿಗಳಿಗೆ 5 ಮಿಲಿಸೆಕೆಂಡಿನ ಫೇಡ್ (ಸದ್ದು ಮೆಲ್ಲಗೆ ಏರಿ ಇಳಿಯುವಂತೆ) ಕೊಟ್ಟೆ, ಇಲ್ಲದಿದ್ದರೆ ಟಿಕ್ ಅನ್ನುತ್ತದೆ.

ಈಗಿನ ರೂಪದಲ್ಲಿ ಅದೇ ವಾಕ್ಯ 40 ಸಲ ಬರುತ್ತದೆ, ಪ್ರತಿ ಸಲ ಆ ಮೌನ 10 ಮಿಲಿಸೆಕೆಂಡ್ ಬೆಳೆಯುತ್ತದೆ. ಕೊನೆಕೊನೆಗೆ ಕತ್ತೆಯೂ ಮುರಿದು 'ಕತ್' ಬೇರೆ, 'ತೆ' ಬೇರೆ. ನನಗೆ ಕತ್ತೆ ಕೇಳಿಸುವುದು ಒಂಬತ್ತನೇ ಸುತ್ತಿನಲ್ಲಿ. ದೊಡ್ಡಮ್ಮನಿಗೆ ಆರರಲ್ಲೇ ಕೇಳಿತು. 'ಆ ಜಗಳದ ಮನುಷ್ಯ ಗೊತ್ತಿದ್ರೆ ನಿಂಗೂ ಬೇಗ ಕೇಳ್ತಿತ್ತು' ಅಂದರು.