ಹಳೆಯ ಇಂಧನ ಟ್ಯಾಂಕಿನ ಜಾಗ: ಮಣ್ಣು, ಅಂತರ್ಜಲ ಪರೀಕ್ಷೆ ನಾನು ಮಾಡುವ ಬಗೆ

ಬೋರು ಹೊಡೆಯುವ ಮೊದಲು ನನಗೆ ಬೇಕಾದದ್ದು ಎರಡು: ಪೈಪುಗಳು ಹಾದುಹೋದ ಹಳೆಯ ನಕ್ಷೆ, ಟ್ಯಾಂಕಿನಲ್ಲಿ ಏನಿತ್ತು ಎಂಬ ಖಚಿತ ಮಾಹಿತಿ. ಸೋರಿಕೆ ಟ್ಯಾಂಕಿನ ತಳದಲ್ಲೇ ಆಗಬೇಕೆಂದಿಲ್ಲ. ಪೈಪಿನ ಜೋಡಣೆ, ಪಂಪಿನ ಬುಡ, ಲಾರಿಯಿಂದ ಇಂಧನ ಇಳಿಸುವ ಬಾಯಿ, ಇವೂ ಅಷ್ಟೇ ಅನುಮಾನದ ಜಾಗಗಳು. ಪೆಟ್ರೋಲಾದರೆ ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಜೈಲೀನ್, ಜತೆಗೆ ಪೆಟ್ರೋಲಿಗೆ ಬೆರೆಸುವ ಎಂಟಿಬಿಇ ಎಂಬ ರಾಸಾಯನಿಕ ನೋಡಿಸುತ್ತೇನೆ. ಸೀಸಯುಕ್ತ ಪೆಟ್ರೋಲಿನ ಕಾಲದ ಟ್ಯಾಂಕಾದರೆ ಸೀಸ, ಅದರ ಜತೆ ಬೆರೆಸುತ್ತಿದ್ದ ಈಥಿಲೀನ್ ಡೈಬ್ರೋಮೈಡ್ ಕೂಡ ಸೇರುತ್ತವೆ. ಡೀಸೆಲ್‌ಗೆ ನ್ಯಾಫ್ತಲೀನ್ ಮತ್ತು ಒಟ್ಟು ಹೈಡ್ರೋಕಾರ್ಬನ್.

ಟ್ಯಾಂಕು ಎತ್ತಿದ ಗುಂಡಿಗೆ ಹೊರಗಿನ ಮಣ್ಣು ತುಂಬಿರುತ್ತಾರೆ. ಅದರ ಮಾದರಿ ತೆಗೆದರೆ ವರದಿ ಚೊಕ್ಕಟವಾಗಿಯೇ ಬರುತ್ತದೆ, ಆದರೆ ಅದು ತಂದು ಸುರಿದ ಮಣ್ಣಿನ ವರದಿ. ತುಂಬುಮಣ್ಣು ದಾಟಿ ಮೂಲ ಮಣ್ಣು ಸಿಗುವವರೆಗೂ ಇಳಿಯಬೇಕು. ಸುತ್ತ ಜೇಡಿಯಿದ್ದರೆ ಗುಂಡಿಯಲ್ಲಿ ಮಳೆನೀರು ನಿಂತಿರುತ್ತದೆ. ಅದನ್ನೇ ಜಲಮಟ್ಟವೆಂದು ಬರೆದುಕೊಂಡರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಮೊದಲ 1.2 ಮೀಟರ್ ಕೈಯಿಂದಲೇ ಅಗೆಸುತ್ತೇನೆ, ಕೇಬಲ್ಲು-ಪೈಪುಗಳ ಭಯಕ್ಕೆ. ಅಲ್ಲಿಂದ ಕೆಳಗೆ ಮಣ್ಣಿನ ಕೋರ್ (ಕೊಳವೆಯಲ್ಲಿ ಕಂಬದಂತೆ ಬರುವ ಮಣ್ಣು) ಬಿಡದೆ ತೆಗೆದು, ಪ್ರತಿ ಅರ್ಧ ಮೀಟರಿಗೆ ಒಂದಷ್ಟು ಮಣ್ಣನ್ನು ಜಿಪ್ ಚೀಲಕ್ಕೆ ಅರ್ಧ ತುಂಬಿ, ಹೆಂಟೆ ಪುಡಿಮಾಡಿ, ಹತ್ತು-ಹದಿನೈದು ನಿಮಿಷ ಬಿಟ್ಟು, ಒಳಗಿನ ಗಾಳಿಯನ್ನು ಪಿಐಡಿಯಿಂದ (ಇಂಧನದ ಆವಿ ಗುರುತಿಸುವ ಮೀಟರು) ಅಳೆಯುತ್ತೇನೆ. ಅದರ ಲ್ಯಾಂಪು 10.6 ಇವಿ (ಎಲೆಕ್ಟ್ರಾನ್ ವೋಲ್ಟ್), ಹೊಂದಾಣಿಕೆಗೆ 100 ಪಿಪಿಎಂ ಐಸೊಬ್ಯೂಟಿಲೀನ್ ಅನಿಲ. ಒದ್ದೆ ಮಣ್ಣಿನ ಆವಿ ಲ್ಯಾಂಪಿಗೆ ತಾಗಿದರೆ ಅಂಕಿ ಇಳಿಯುತ್ತದೆ. ಹಳೆಯ ಡೀಸೆಲ್ ಹೆಚ್ಚು ಆವಿಯಾಗದ ಕಾರಣ ಮಣ್ಣು ಕಪ್ಪಾಗಿದ್ದರೂ ಮೀಟರು ಸುಮ್ಮನಿರಬಹುದು. ಆಗ ಬಣ್ಣ, ನೀರಿಗೆ ಹಾಕಿದಾಗ ಏಳುವ ಎಣ್ಣೆಪೊರೆ ಇವನ್ನೇ ನಂಬುತ್ತೇನೆ. (ಮೂಗಿನಿಂದ ಮೂಸಿ ನೋಡುವ ಚಾಳಿ ಬೇಡ, ಬೆಂಜೀನ್ ಕ್ಯಾನ್ಸರಕಾರಕ.)

ಪ್ರಯೋಗಾಲಯಕ್ಕೆ ಆ ಚೀಲದ ಮಣ್ಣು ಕಳಿಸಬಾರದು, ಆವಿಯಾಗುವಂಥದ್ದು ಅಷ್ಟರಲ್ಲಿ ಹಾರಿಹೋಗಿರುತ್ತದೆ. ಕೋರ್ ತೆರೆದ ಕೂಡಲೇ ಸಿರಿಂಜ್ ಮಾದರಿಯ ಕೊಳವೆಯಿಂದ ಸುಮಾರು 5 ಗ್ರಾಂ ಚುಚ್ಚಿ ತೆಗೆದು ಮೆಥನಾಲ್ ಇರುವ ಸೀಸೆಗೆ ಹಾಕಿ, 4 ಡಿಗ್ರಿಯ ಮಂಜುಗಡ್ಡೆ ಪೆಟ್ಟಿಗೆಗೆ ಸೇರಿಸುತ್ತೇನೆ. ಮೀಟರು ಅತಿ ಹೆಚ್ಚು ತೋರಿದ ಆಳ, ಜಲಮಟ್ಟದ ತುಸು ಮೇಲಿನ ಆಳ, ಕೆಳಗೆ ಮಾಲಿನ್ಯ ಮುಗಿದಂತೆ ಕಾಣುವ ಆಳ, ಈ ಮೂರು ಮಾದರಿ ಪ್ರತಿ ಬೋರಿಗೂ ಬೇಕು.

ನೀರು ನೋಡಲು ಬೋರಿಗೆ ಪೈಪು ಇಳಿಸಿ ಬಾವಿ ಮಾಡುತ್ತೇನೆ. ಈ ಕೆಲಸದಲ್ಲಿ ಎಲ್ಲ ನಿಂತಿರುವುದು ಸ್ಲಾಟ್ ಪೈಪ್, ಅಂದರೆ ನೀರು ಒಳಬರಲು ಸೀಳುಗಳಿರುವ ಪೈಪು, ಯಾವ ಆಳದಲ್ಲಿದೆ ಎಂಬುದರ ಮೇಲೆ. ಪೆಟ್ರೋಲು, ಡೀಸೆಲ್ ನೀರಿನ ಮೇಲೆ ತೇಲುತ್ತವೆ. ಸ್ಲಾಟ್ ಪೂರ್ತಿ ಮುಳುಗಿದ್ದರೆ ತೇಲುವ ಎಣ್ಣೆ ಬಾವಿಯೊಳಗೆ ಬರುವುದೇ ಇಲ್ಲ. ಹಾಗಾಗಿ 3 ಮೀಟರ್ ಸ್ಲಾಟ್ ಪೈಪನ್ನು ಜಲಮಟ್ಟದ ಮೇಲೂ ಕೆಳಗೂ ಚಾಚುವಂತೆ, ಮಳೆಗಾಲದ ಏರಿಕೆಯನ್ನೂ ಲೆಕ್ಕಹಾಕಿ ಇಳಿಸುತ್ತೇನೆ. ನೀರಿನ ಏರಿಳಿತ ಇನ್ನೂ ದೊಡ್ಡದಿದ್ದರೆ ಉದ್ದನೆಯದು. 50 ಮಿಮೀ ಪಿವಿಸಿ ಸಾಕು, ಆದರೆ ಥ್ರೆಡ್ ಜೋಡಣೆಯದು. ಸಾಲ್ವೆಂಟ್ ಅಂಟು ಹಚ್ಚಿದರೆ ಅದರ ರಾಸಾಯನಿಕವೇ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಲಾಟಿನ ಸುತ್ತ, ಅದರ ಮೇಲೆ ಅರ್ಧ ಮೀಟರಿನಷ್ಟು ಮರಳು, ಆಮೇಲೆ ಬೆಂಟೊನೈಟ್ (ನೀರು ತಾಗಿದರೆ ಉಬ್ಬುವ ಜೇಡಿ) ಮುಚ್ಚಳ.

ಹರಿವಿನ ದಿಕ್ಕು ತಿಳಿಯಲು ಕನಿಷ್ಠ ಮೂರು ಬಾವಿ, ಅದೂ ತ್ರಿಕೋನದಲ್ಲಿ. ಒಂದೇ ಸಾಲಿನಲ್ಲಿದ್ದರೆ ದಿಕ್ಕು ಸಿಗದು. ಕೇಸಿಂಗ್ (ಬಾವಿಯ ಪೈಪು) ಬಾಯಿಯ ಎತ್ತರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಲೆವೆಲ್ ಮಾಡಿಸಬೇಕು. ಎಣ್ಣೆ ತೇಲುತ್ತಿದ್ದರೆ ಅದರ ದಪ್ಪವನ್ನು ಸಾಂದ್ರತೆಯಿಂದ, ಪೆಟ್ರೋಲಿಗಾದರೆ ಸುಮಾರು 0.75ರಿಂದ, ಗುಣಿಸಿ ಅಳೆದ ನೀರಿನ ಮಟ್ಟದ ಎತ್ತರಕ್ಕೆ ಕೂಡಿಸುತ್ತೇನೆ. ಬಾವಿಯೊಳಗಿನ ಎಣ್ಣೆಯ ದಪ್ಪ ಮಣ್ಣಿನಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುತ್ತದೆ, ಅದನ್ನು ನೇರ ಪ್ರಮಾಣವೆಂದು ಬರೆಯಬಾರದು.

ನೀರಿನ ಮಾದರಿಗೆ ಬೇಲರ್ (ಹಗ್ಗ ಕಟ್ಟಿ ಬಾವಿಗಿಳಿಸಿ ನೀರೆತ್ತುವ ಕೊಳವೆ) ನನಗೆ ಇಷ್ಟವಿಲ್ಲ, ಕದಡಿ ಆವಿ ಕಳೆಯುತ್ತದೆ. ನಿಮಿಷಕ್ಕೆ 100ರಿಂದ 500 ಮಿಲಿ ಎಳೆಯುವ ಪಂಪು ಹಾಕಿ, ಪಿಎಚ್ 0.1ರೊಳಗೆ, ವಾಹಕತೆ ಶೇ. 3ರೊಳಗೆ ಮೂರು ಸಲ ನಿಂತ ಮೇಲೆ 40 ಮಿಲಿಯ ಸೀಸೆಗಳನ್ನು ತುಂಬುತ್ತೇನೆ. ಮುಚ್ಚಿ, ತಲೆಕೆಳಗು ಮಾಡಿ ತಟ್ಟಿದಾಗ ಗುಳ್ಳೆ ಕಂಡರೆ ಆ ಸೀಸೆ ಬಿಟ್ಟು ಹೊಸದು. ಆಮ್ಲ ಹಾಕಿದ್ದರೆ ಪರೀಕ್ಷೆಗೆ 14 ದಿನಗಳ ಅವಕಾಶ. ಪೆಟ್ಟಿಗೆಯಲ್ಲಿ ಪ್ರಯೋಗಾಲಯದಿಂದಲೇ ಬಂದ ಶುದ್ಧ ನೀರಿನ ಸೀಸೆಯೊಂದು ತೆರೆಯದೆ ಜತೆಗೇ ಓಡಾಡಬೇಕು. ಅದರಲ್ಲಿ ಬೆಂಜೀನ್ ಬಂದರೆ ತಪ್ಪು ಸಾಗಣೆಯದ್ದು ಅಥವಾ ಪ್ರಯೋಗಾಲಯದ್ದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಬೆಂಜೀನ್ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಅಷ್ಟು ಸಣ್ಣ ಅಂಕಿಯನ್ನು ಹಾಳುಮಾಡಲು ಪಕ್ಕದಲ್ಲಿ ಓಡುತ್ತಿರುವ ಜನರೇಟರಿನ ಹೊಗೆಯೂ ಸಾಕು, ಅದನ್ನು ಗಾಳಿಯ ಕೆಳದಿಕ್ಕಿನಲ್ಲಿ ದೂರ ಇಡಿಸುತ್ತೇನೆ.