ಬಿಸಿಲಿನ ಟ್ಯಾಂಕಿಗೆ ಕನ್ನಡ ಹುಡುಕಿದ್ದು

ಪ್ಯಾಲೆಸ್ತೀನಿ ಲೇಖಕ ಘಸ್ಸಾನ್ ಕನಫಾನಿಯ ‘ರಿಜಾಲ್ ಫಿಶ್ಶಮ್ಸ್’ (ಬಿಸಿಲಿನಲ್ಲಿ ಗಂಡಸರು) ಕಾದಂಬರಿಯನ್ನು ಕನ್ನಡಕ್ಕೆ ತರಲು ನನಗೆ ಹತ್ತಿರ ಹತ್ತಿರ ನಾಲ್ಕು ವರ್ಷ ಹಿಡಿಯಿತು. ಟ್ಯಾಂಕರಿನಲ್ಲಿ ಅಡಗಿ ಕಳ್ಳದಾರಿಯಲ್ಲಿ ಕುವೈತಿಗೆ ಹೊರಟ ಮೂವರು ಪ್ಯಾಲೆಸ್ತೀನಿಯರ ಕಥೆ. ಮೂಲ ಪುಟ್ಟ ಪುಸ್ತಕ, ಎರಡು ರಾತ್ರಿಗಳಲ್ಲಿ ಓದಿ ಮುಗಿಸಬಹುದು. ಕರಡನ್ನು ಕುವೈತಿನಿಂದ ಮರಳಿದ ಟ್ಯಾಂಕರ್ ಚಾಲಕರೊಬ್ಬರಿಗೆ ಓದಿ ಹೇಳಿ ತಿದ್ದುತ್ತೇನೆ ಎಂದಾಗ ಅನುವಾದದಲ್ಲಿ ಪಳಗಿದ ಗೆಳೆಯರೇ ಒಪ್ಪಲಿಲ್ಲ. ಕೃತಿ ಕೆಡುತ್ತದೆ ಎಂದರು. ಕೆಡಲಿಲ್ಲ. ಅಚ್ಚು ಹಾಕಿಸಿದ ಆರುನೂರು ಪ್ರತಿಗಳಲ್ಲಿ ಈಗ ಮನೆಯಲ್ಲಿ ಉಳಿದಿರುವುದು ಎಂಬತ್ತರಷ್ಟು.

ಕುವೈತಿನಲ್ಲಿ ಒಂಬತ್ತು ವರ್ಷ ಲೆಕ್ಕಪತ್ರದ ಕೆಲಸ ಮಾಡಿದವನು ನಾನು. ಅರಬ್ಬಿ ಓದಲು ಅಲ್ಲೇ ಕಲಿತೆ. ಕನಫಾನಿಯೂ ಇಪ್ಪತ್ತರ ವಯಸ್ಸಿನಲ್ಲಿ ಶಾಲಾ ಶಿಕ್ಷಕನಾಗಿ ಅದೇ ಕುವೈತಿಗೆ ಬಂದಿದ್ದ. 1936ರಲ್ಲಿ ಪ್ಯಾಲೆಸ್ತೀನಿನ ಅಕ್ಕಾದಲ್ಲಿ ಹುಟ್ಟಿದವನು, 1948ರಲ್ಲಿ ಇಸ್ರೇಲ್ ಹುಟ್ಟಿದಾಗ ಹನ್ನೆರಡು ವರ್ಷದ ಹುಡುಗನಾಗಿ ಮನೆಯವರೊಂದಿಗೆ ಲೆಬನಾನಿಗೆ, ಅಲ್ಲಿಂದ ದಮಾಸ್ಕಸ್ಸಿಗೆ ಹೋದವನು. 1962ರಲ್ಲಿ ಕಾಗದಪತ್ರಗಳಿಲ್ಲದೆ ಬೈರೂತಿನಲ್ಲಿ ಕೆಲಕಾಲ ಅಡಗಿರಬೇಕಾಯಿತು. ಮರುವರ್ಷ ಈ ಕಾದಂಬರಿ ಹೊರಬಂತು. ಇದರಲ್ಲಿಯೂ ಮೂವರ ಕುತ್ತಿಗೆಗೆ ಬರುವುದು ಒಂದು ಕಾಗದವೇ. ಗಡಿಯ ಕಚೇರಿಯಲ್ಲಿ ಇಕಾಮಾ, ಅಂದರೆ ವಾಸದ ಪರವಾನಗಿ, ಹಿಡಿದು ಸಾಲಿನಲ್ಲಿ ನಿಂತಾಗ ಬಾಯಿ ಒಣಗುವುದು ಹೇಗೆಂದು ನನಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಸಾಕು ಎಂದುಕೊಂಡದ್ದು ನನ್ನ ಮೊದಲ ತಪ್ಪು.

ಮೊದಲ ಕರಡು ಗ್ರಾಂಥಿಕವಾಗಿ ಬಂತು. ಇಬ್ಬರು ಪ್ರಕಾಶಕರು ಹಿಂದಿರುಗಿಸಿದರು. ಎರಡನೆಯದರಲ್ಲಿ ಆ ಮೂವರಲ್ಲಿ ಹಿರಿಯನಾದ ಅಬೂ ಕೈಸನ ಬಾಯಲ್ಲಿ ಕುಂದಾಪುರ ಕನ್ನಡ ಆಡಿಸಿದೆ. ಎಂಟು ತಿಂಗಳು ಅದರಲ್ಲೇ ಕಳೆಯಿತು. ಓದಿ ನೋಡಿದರೆ ಹತ್ತು ಆಲಿವ್ ಮರಗಳನ್ನು ಕಳೆದುಕೊಂಡ ಮುದುಕ ಮಾಯವಾಗಿ, ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುವ ನಮ್ಮೂರಿನ ಯಾರೋ ಕುಳಿತಿದ್ದರು. ಅದನ್ನು ಪೂರ್ತಿಯಾಗಿ ಹರಿದು ಹಾಕಿದೆ.

ಆಮೇಲೆ ಸಾಹೇಬರ ಮನೆಗೆ ಹೋದೆ. ಇಪ್ಪತ್ತೇಳು ವರ್ಷ ಕುವೈತಿನಲ್ಲಿ ನೀರಿನ ಟ್ಯಾಂಕರ್ ಓಡಿಸಿದವರು. ಕಾದಂಬರಿ ಓದಿದವರಲ್ಲ. ಇರಾಕಿನ ಬಸ್ರಾದಿಂದ ಮೂವರು ಪ್ಯಾಲೆಸ್ತೀನಿಯರನ್ನು ಖಾಲಿ ನೀರಿನ ಟ್ಯಾಂಕಿಯಲ್ಲಿ ಅಡಗಿಸಿ ಗಡಿ ದಾಟಿಸುವ ಭಾಗ ಬಂದಾಗ ಕೈ ಎತ್ತಿ ನಿಲ್ಲಿಸಿದರು. “ನೀವು ಯಾವತ್ತಾದರೂ ಟ್ಯಾಂಕಿ ಒಳಗೆ ಇಳಿದಿದ್ದೀರಾ ಮಾರಾಯರೇ?” ಎಂದು ಕೇಳಿದರು. ನಾನು ‘ತೊಟ್ಟಿ’ ಎಂದು ಬರೆದಿದ್ದೆ. ತೊಟ್ಟಿಗೆ ಮುಚ್ಚಳ ಎಲ್ಲಿಂದ ಬಂತು ಎಂದರು. ಅಂದಿನಿಂದ ಪುಸ್ತಕದುದ್ದಕ್ಕೂ ‘ಟ್ಯಾಂಕಿ’. ಆಗಸ್ಟ್ ತಿಂಗಳ ಮಧ್ಯಾಹ್ನ ಆ ಮುಚ್ಚಳವನ್ನು ಬರಿಗೈಯಲ್ಲಿ ಮುಟ್ಟಿದವನ ಮಾತು ಹೇಗೆ ತುಂಡಾಗುತ್ತದೆ ಎಂದು ತೋರಿಸಿಕೊಟ್ಟರು. ಆ ಅಧ್ಯಾಯದಲ್ಲಿ ಚಾಲಕ ಅಬುಲ್ ಖೈಜುರಾನನ ವಾಕ್ಯಗಳು ಮೂರು ಮೂರು ಪದಗಳಿಗೆ ಇಳಿದದ್ದು ಹೀಗೆ.

ವಾರಕ್ಕೆ ಎರಡು ಸಂಜೆ, ಸುಮಾರು ಹದಿನಾಲ್ಕು ತಿಂಗಳು ಓದಿದೆವು. ಅವರು “ಯಾರು? ಯಾವಾಗ?” ಎಂದು ಕೇಳಿದ ಕಡೆಯಲ್ಲೆಲ್ಲ ಗುರುತು ಹಾಕಿದೆ. ಕಾಲ ಜಿಗಿಯುವುದೇ ಕನಫಾನಿಯ ಕಸುಬು. ಶತ್ ಅಲ್ ಅರಬ್ ನದಿಯ ಬಳಿ ಒದ್ದೆ ನೆಲಕ್ಕೆ ಎದೆಯೊತ್ತಿ ಮಲಗಿದ ಅಬೂ ಕೈಸನಿಗೆ ಮಣ್ಣಿನ ವಾಸನೆ ತಣ್ಣೀರು ಮಿಂದು ಬಂದ ಹೆಂಡತಿಯ ಕೂದಲಿನ ವಾಸನೆಯಾಗುತ್ತದೆ. ಅಲ್ಲಿ ‘ಹತ್ತು ವರ್ಷಗಳ ಹಿಂದೆ’ ಎಂದು ಸೇರಿಸಿದರೆ ಆ ಪುಟ ಸತ್ತಂತೆಯೇ. ನಾನು ಸೇರಿಸಲಿಲ್ಲ. ಜಿಗಿತದ ಆಚೆಗೂ ಈಚೆಗೂ ಒಂದೊಂದು ಗಟ್ಟಿ ನಾಮಪದ ನೆಟ್ಟೆ, ಇತ್ತ ನದಿ, ಅತ್ತ ಮರ. ಮೂವರ ದನಿಗಳನ್ನು ಉದ್ಧರಣ ಚಿಹ್ನೆಯಿಲ್ಲದೆ ಬೇರೆ ಬೇರೆಯಾಗಿ ಕೇಳಿಸಿದ್ದು ಹೇಗೆಂದು ಹಲವರು ಕೇಳುತ್ತಾರೆ. ಅದನ್ನು ಮುಂದಿನ ಪುಸ್ತಕ ಬರುವವರೆಗೆ ಹೇಳುವುದಿಲ್ಲ.

1948ರಲ್ಲಿ ಪ್ಯಾಲೆಸ್ತೀನಿಯರಿಗೆ ಆದದ್ದಕ್ಕೆ ಪದ ಹುಡುಕುವುದು ಇನ್ನೂ ಕಷ್ಟವಾಯಿತು. ‘ಗುಳೆ’ ಎಂದು ಒಬ್ಬ ಹಿರಿಯರು ಸೂಚಿಸಿದರು. ಗುಳೆ ಹೋದವನಿಗೆ ಮಳೆ ಬಿದ್ದ ಮೇಲೆ ಮರಳಲು ಊರಿರುತ್ತದೆ. ‘ವಲಸೆ’ ಎಂದರೆ ತಾನಾಗಿ ಹೋದಂತೆ ಕೇಳುತ್ತದೆ. ಕೊನೆಗೆ ‘ಒಕ್ಕಲೆಬ್ಬಿಸಿದರು’ ಎಂದು ಬರೆದೆ. ಎಬ್ಬಿಸಿದವರೂ ಇದ್ದಾರೆ, ಒಕ್ಕಲೂ ಇದೆ. ಈ ಒಂದು ಪದದ ಬಗ್ಗೆ ನನಗೆ ಹೆಮ್ಮೆಯಿದೆ.

ಮೇ ತಿಂಗಳಲ್ಲಿ ಒಂದು ಪ್ರಯೋಗವನ್ನೂ ಮಾಡಿದೆವು. ಪರಿಚಯದವರ ಖಾಲಿ ಟ್ಯಾಂಕರನ್ನು ಬೆಳಗಿನಿಂದ ಬಿಸಿಲಿಗೆ ನಿಲ್ಲಿಸಿ, ಒಳಗೆ ಥರ್ಮಾಮೀಟರ್ ಇಳಿಬಿಟ್ಟು ಮುಚ್ಚಳ ಹಾಕಿದೆವು. ಮಧ್ಯಾಹ್ನ ತೆಗೆದಾಗ 50 ಡಿಗ್ರಿಯ ಆಸುಪಾಸಿತ್ತು, ಅದೂ ನಮ್ಮ ಕರಾವಳಿಯಲ್ಲಿ. ಆಮೇಲೆ ಸಾಹೇಬರು ತಗಡಿಗೆ ಅಂಗೈಯಿಂದ ಹೊಡೆದರು, ನಾನು ಮೂವತ್ತು ಹೆಜ್ಜೆ ದೂರದ ಕೋಣೆಯಲ್ಲಿ ಕುಳಿತೆ. ಬಾಗಿಲು ತೆರೆದಿದ್ದಾಗ ‘ದಬ ದಬ’ ಎಂದು ಕೇಳಿಸಿತು. ಬಾಗಿಲು ಹಾಕಿ ಫ್ಯಾನ್ ಹಚ್ಚಿದರೆ ಏನೂ ಕೇಳಿಸಲಿಲ್ಲ. ಈಜಿಪ್ಟಿನ ನಿರ್ದೇಶಕ ತೌಫೀಕ್ ಸಾಲೆಹ್ ಇದೇ ಕಾದಂಬರಿಯಿಂದ 1972ರಲ್ಲಿ ಮಾಡಿದ ಚಲನಚಿತ್ರದಲ್ಲಿ ಮೂವರೂ ಬಡಿಯುತ್ತಾರೆ, ಹವಾನಿಯಂತ್ರಕದ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಕಾದಂಬರಿಯಲ್ಲಿ ಕುವೈತಿನ ಮುತ್ಲಾ ಠಾಣೆಯ ಗುಮಾಸ್ತ ನರ್ತಕಿಯೊಬ್ಬಳ ಸುದ್ದಿ ತೆಗೆದು ಚಾಲಕನನ್ನು ಕೆಣಕುತ್ತ ತಡಮಾಡುತ್ತಾನೆ. ಆರೇಳು ನಿಮಿಷ ಎಂದದ್ದು ಇಪ್ಪತ್ತು ದಾಟುತ್ತದೆ, ಮೂವರೂ ಸಾಯುತ್ತಾರೆ. ಕೊನೆಗೆ ಚಾಲಕ ಮರುಭೂಮಿಯಲ್ಲಿ ಕೂಗುವ ಪ್ರಶ್ನೆಗೆ ನಾನು ಹಿಂದೆ ‘ತಟ್ಟಲಿಲ್ಲ’ ಎಂದು ಬರೆದಿದ್ದೆ. ಪ್ರಯೋಗದ ಸಂಜೆಯೇ ತಿದ್ದಿದೆ: “ಟ್ಯಾಂಕಿಯ ಗೋಡೆಗೆ ಯಾಕೆ ಬಡಿಯಲಿಲ್ಲ?”

ಆ ಪುಟ ಓದಿದ ದಿನ ಸಾಹೇಬರು ಎದ್ದು ಒಳಗೆ ಹೋದರು. ಎರಡು ವಾರ ಕರೆಯಲಿಲ್ಲ, ನಾನೂ ಹೋಗಲಿಲ್ಲ.

ಹಣದ ವಿಷಯ. ಲೇಖಕ ತೀರಿಕೊಂಡದ್ದು 1972ರ ಜುಲೈ 8ರಂದು, ಬೈರೂತಿನಲ್ಲಿ ಕಾರಿಗೆ ಇಟ್ಟ ಬಾಂಬಿನಿಂದ. ಜೊತೆಗಿದ್ದ ಸೋದರಿಯ ಮಗಳು ಲಮೀಸ್ ಕೂಡ ಸತ್ತಳು. ನಮ್ಮ ಕಾನೂನಿನಲ್ಲಿ ಸಾಮಾನ್ಯವಾಗಿ ಮರಣಾನಂತರ ಅರವತ್ತು ವರ್ಷ ಹಕ್ಕು ಇರುತ್ತದೆ. ಹಳೆಯ ಪುಸ್ತಕ, ಯಾರು ಕೇಳುತ್ತಾರೆ ಎಂದು ಸಲಹೆ ಕೊಟ್ಟವರಿದ್ದರು. ಮನೆ ಮಠ ಕಸಿದುಕೊಂಡವರ ಕಥೆಯನ್ನು ಕೇಳದೆ ಎತ್ತಿಕೊಳ್ಳುವುದು ನನ್ನಿಂದಾಗಲಿಲ್ಲ. ಅನುಮತಿಗೆ ಹನ್ನೊಂದು ತಿಂಗಳು ಕಾದೆ. ಹಕ್ಕು, ಮೂಲದೊಂದಿಗೆ ಹೋಲಿಸಿ ನೋಡಿದ ಭಟ್ಕಳದ ಅರಬ್ಬಿ ಶಿಕ್ಷಕರ ಸಂಭಾವನೆ, ಅಚ್ಚು ಎಲ್ಲ ಸೇರಿ ತೊಂಬತ್ತೈದು ಸಾವಿರದಷ್ಟು ಖರ್ಚಾಯಿತು. ಬೆಲೆ 180 ರೂಪಾಯಿ. ಅಂಗಡಿಗಳಲ್ಲಿ ನಲವತ್ತು ಪ್ರತಿಯೂ ಹೋಗಲಿಲ್ಲ. ಉಳಿದವು ಕರಾವಳಿಯ ಊರೂರುಗಳಲ್ಲಿ ಓದಿ ಹೇಳಿದ ಮೇಲೆ ಕೈಯಿಂದ ಕೈಗೆ ಹೋದವು. ಇನ್ನು ಹತ್ತು ಸಾವಿರದಷ್ಟು ಬಂದರೆ ಹಾಕಿದ ದುಡ್ಡು ಬಂದಂತೆ.

ನಡುವೆ ಕನಫಾನಿಯದೇ ‘ಹೈಫಾಕ್ಕೆ ಮರಳಿದವರು’ ಕಥೆಯನ್ನು ರಂಗಕ್ಕೆ ಅಳವಡಿಸಲು ಹೋಗಿ ಐದು ತಿಂಗಳು ಕಳೆದೆ. 1948ರಲ್ಲಿ ಬಿಟ್ಟುಹೋದ ಕೂಸು ಇಪ್ಪತ್ತು ವರ್ಷಗಳ ಮೇಲೆ ಇಸ್ರೇಲಿ ಸೈನಿಕನ ಸಮವಸ್ತ್ರದಲ್ಲಿ ಎದುರು ನಿಲ್ಲುವ ದೃಶ್ಯವನ್ನು ನಟರು ಅತ್ತು ಅತ್ತು ಕೆಡಿಸಿದರು. ಆ ತಾಯಿ ತಂದೆ ಕುರ್ಚಿಯಲ್ಲಿ ಕುಳಿತು ಮಾತನಾಡುವವರು, ಅವರ ಅಳು ಒಳಗಿನದು. ಅದನ್ನು ಸದ್ಯ ಬದಿಗಿಟ್ಟಿದ್ದೇನೆ.

ಈಗ ಕನಫಾನಿಯ ‘ಉಮ್ಮ್ ಸಅದ್’ ಹಿಡಿದಿದ್ದೇನೆ. ಇದು ನಿರಾಶ್ರಿತರ ಶಿಬಿರದ ಹೆಂಗಸಿನ ಕಥೆ, ಸಾಹೇಬರಿಗೆ ಹೊಂದುವುದಿಲ್ಲ. ಅವರ ಅಕ್ಕ ಕೇಳುತ್ತೇನೆ ಎಂದಿದ್ದಾರೆ, ಶುಕ್ರವಾರ ಬಿಟ್ಟು ಯಾವ ಸಂಜೆಯಾದರೂ ಆದೀತಂತೆ.