ಘಾತೀಯ ಪದಗಳೊಡನೆ ಬೆರೆತ ಪ್ರತಿಲೋಮ ತ್ರಿಕೋನಮಿತೀಯ ಫಲನಗಳ ಅವಕಲನ

ದ್ವಿತೀಯ ಪಿಯುಸಿಯ ಅವಕಲನದ ಲೆಕ್ಕಗಳಲ್ಲಿ ಟ್ಯಾನ್⁻¹(ಇ^ಎಕ್ಸ್) ಮತ್ತು ಇ^(ಟ್ಯಾನ್⁻¹ ಎಕ್ಸ್) ನೋಡಲು ಅಕ್ಕತಂಗಿಯರಂತಿದ್ದರೂ ಬಿಡಿಸುವ ಕ್ರಮ ಬೇರೆ ಬೇರೆ. ಒಂದರೊಳಗೊಂದಿರುವ ಫಲನಗಳನ್ನು ಅವಕಲಿಸುವ ಸರಪಳಿ ನಿಯಮವು ಹೊರಗಿನ ಫಲನದಿಂದ ಆರಂಭವಾಗುವುದರಿಂದ, ಯಾವುದು ಹೊರಗಿದೆ, ಯಾವುದು ಒಳಗಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಬೇಕು.

ಮೊದಲನೆಯದರಲ್ಲಿ ಟ್ಯಾನ್⁻¹ ಹೊರಗಿದೆ. ಟ್ಯಾನ್⁻¹ ಯು ಎಂಬುದರ ನಿಷ್ಪನ್ನ (ಅವಕಲಿಸಿದಾಗ ಸಿಗುವ ಫಲನ) 1/(1 + ಯು²). ಇಲ್ಲಿ ಯು = ಇ^ಎಕ್ಸ್ ಎಂದಿಟ್ಟು, ಒಳಗಿನದರ ನಿಷ್ಪನ್ನವಾದ ಇ^ಎಕ್ಸ್‌ನಿಂದ ಗುಣಿಸಿದರೆ ಇ^ಎಕ್ಸ್/(1 + ಇ^(2ಎಕ್ಸ್)) ಸಿಗುತ್ತದೆ. ಛೇದದಲ್ಲಿ ವರ್ಗ ಮಾಡುವಾಗ ಘಾತಾಂಕವು ಇಮ್ಮಡಿಯಾಗುತ್ತದೆಯೇ ಹೊರತು ಎಕ್ಸ್² ಆಗುವುದಿಲ್ಲ; ಅಂಕಗಳು ಹೆಚ್ಚಾಗಿ ಸೋರಿಹೋಗುವುದು ಇಲ್ಲಿಯೇ ಎಂದು ನನಗನ್ನಿಸುತ್ತದೆ. ಎರಡನೆಯದರಲ್ಲಿ ಹೊರಗಿನ ಘಾತೀಯ ಫಲನ ಹಾಗೆಯೇ ಉಳಿಯುವುದರಿಂದ ಉತ್ತರವು ಇ^(ಟ್ಯಾನ್⁻¹ ಎಕ್ಸ್)/(1 + ಎಕ್ಸ್²). ಇ^ಎಕ್ಸ್ · ಸೈನ್⁻¹ ಎಕ್ಸ್ ಆದರೋ ಕೇವಲ ಗುಣಲಬ್ಧ. ಗುಣಾಕಾರದ ನಿಯಮದಂತೆ ಇ^ಎಕ್ಸ್ [ಸೈನ್⁻¹ ಎಕ್ಸ್ + 1/√(1 − ಎಕ್ಸ್²)] ಬರುತ್ತದೆ.

ಸೈನ್⁻¹ ಬಂದಾಗ ಎಕ್ಸ್‌ನ ಬೆಲೆಗಳತ್ತ ಗಮನವಿರಬೇಕು. ಸೈನ್⁻¹(ಇ^ಎಕ್ಸ್)ಗೆ ಅರ್ಥವಿರುವುದು ಎಕ್ಸ್ ≤ 0 ಇದ್ದಾಗ ಮಾತ್ರ; ಎಕ್ಸ್ = 0 ಆದಾಗ ಛೇದ ಸೊನ್ನೆಯಾಗುವುದರಿಂದ, ಇ^ಎಕ್ಸ್/√(1 − ಇ^(2ಎಕ್ಸ್)) ಎಂಬ ಉತ್ತರವು ಎಕ್ಸ್ < 0 ಬೆಲೆಗಳಿಗೆ ಸೀಮಿತ.

ಇನ್ನೂ ಸೂಕ್ಷ್ಮವಾದದ್ದು ಸೈನ್⁻¹[2^(ಎಕ್ಸ್+1)/(1 + 4^ಎಕ್ಸ್)]. ನೇರವಾಗಿ ಅವಕಲಿಸಿದರೆ ಭಾಗಾಕಾರದ ನಿಯಮ, ವರ್ಗಮೂಲ ಎಲ್ಲವೂ ಸೇರಿ ಪುಟ ತುಂಬುತ್ತದೆ. ಅದರ ಬದಲು 2^ಎಕ್ಸ್ = ಟ್ಯಾನ್ ಥೀಟಾ ಎಂದು ಆದೇಶಿಸಿದರೆ ಆವರಣದೊಳಗಿನದು 2 ಟ್ಯಾನ್ ಥೀಟಾ/(1 + ಟ್ಯಾನ್² ಥೀಟಾ), ಅಂದರೆ ಸೈನ್ 2ಥೀಟಾ ಆಗುತ್ತದೆ. ಹಲವರು ಕೂಡಲೇ ಫಲನವನ್ನು 2ಥೀಟಾ ಎಂದು ಬರೆದು, 2 · 2^ಎಕ್ಸ್ · ಲಾಗ್ 2/(1 + 4^ಎಕ್ಸ್) ಎಂಬ ಉತ್ತರಕ್ಕೆ ತಲುಪುತ್ತಾರೆ. ಇಲ್ಲಿ ಲಾಗ್‌ನ ಆಧಾರ ಇ. ಆದರೆ ಸೈನ್⁻¹ನ ಬೆಲೆ ಪೈ/2ನ್ನು ಮೀರುವಂತಿಲ್ಲ. 2ಥೀಟಾ ≤ ಪೈ/2 ಆಗಬೇಕಾದರೆ ಟ್ಯಾನ್ ಥೀಟಾ ≤ 1, ಎಂದರೆ ಎಕ್ಸ್ ≤ 0 ಆಗಿರಬೇಕು. ಎಕ್ಸ್ > 0 ಆದಾಗ ಫಲನವು ಪೈ − 2ಥೀಟಾ ಆಗಿ, ನಿಷ್ಪನ್ನದ ಚಿಹ್ನೆ ಋಣವಾಗುತ್ತದೆ. ಅನುಮಾನವಿದ್ದರೆ ಬೆಲೆಗಳನ್ನು ಹಾಕಿ ನೋಡಬಹುದು: ಎಕ್ಸ್ = 0 ಇದ್ದಾಗ ಆವರಣದೊಳಗೆ 1 ಬರುತ್ತದೆ, ಎಕ್ಸ್ = 1 ಇದ್ದಾಗ 4/5, ಎಕ್ಸ್ = 2 ಇದ್ದಾಗ 8/17; ಫಲನ ಇಳಿಯುತ್ತಿರುವುದು ಸ್ಪಷ್ಟ. ಎಕ್ಸ್ = 0ರಲ್ಲಿ ಎಡಗಡೆಯ ನಿಷ್ಪನ್ನ ಲಾಗ್ 2, ಬಲಗಡೆಯದು −ಲಾಗ್ 2 ಆಗಿರುವುದರಿಂದ ಆ ಬಿಂದುವಿನಲ್ಲಿ ಫಲನಕ್ಕೆ ನಿಷ್ಪನ್ನವೇ ಇಲ್ಲ.